ಡಾಲೆಮೈಟ್‌ನ ಮೈಕು ಯಾರ ತಪ್ಪು? ಬ್ಲ್ಯಾಕ್ಸ್‌ಪ್ಲಾಯ್ಟೇಶನ್ ಚಿತ್ರಗಳ ಬಗ್ಗೆ ಒಂದು ಉದ್ದನೆಯ ಚರ್ಚೆ

ಹೊಸಬ:
'ಡಾಲೆಮೈಟ್' (1975) ಚಿತ್ರದ ಎರಡು ಬಗೆಯ ಪ್ರತಿಗಳಿವೆ. ಒಂದರಲ್ಲಿ ಪಾತ್ರಗಳ ನೆತ್ತಿಯ ಮೇಲೆ ಆಗಾಗ ಬೂಮ್ ಮೈಕ್ (ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕು) ಇಳಿದು ಬರುತ್ತದೆ. ಇನ್ನೊಂದರಲ್ಲಿ ಅದೇ ಶಾಟ್, ಅದೇ ಮಾತು, ಮೈಕ್ ಮಾತ್ರ ಮಾಯ. ಕಂಪ್ಯೂಟರಿನಲ್ಲಿ ಒರೆಸಿದ್ದಾ? ಹಾಗೇ ಇನ್ನೊಂದು ಪ್ರಶ್ನೆ. ದುಡ್ಡಿಲ್ಲದೆ ತೆಗೆದ ಚಿತ್ರಗಳು ಪ್ರಪಂಚದಲ್ಲಿ ಸಾವಿರ ಇವೆ. ಬ್ಲ್ಯಾಕ್ಸ್‌ಪ್ಲಾಯ್ಟೇಶನ್ ಅನ್ನುವ, 1970ರ ದಶಕದ ಈ ಅಮೆರಿಕನ್ ಕಪ್ಪುಜನರ ಆ್ಯಕ್ಷನ್ ಚಿತ್ರಗಳಿಗೇ ಯಾಕೆ ಇಷ್ಟು ಭಕ್ತರು? ಎಡವಟ್ಟು ನೋಡಿ ನಗುವುದಕ್ಕಾ?

ಪ್ರೊಜೆಕ್ಟರ್ ಕೋಣೆ:
ಒರೆಸಿದ್ದಲ್ಲ, ಮುಚ್ಚಿದ್ದು. 35 ಎಂಎಂ ಫಿಲಮಿನ ಒಂದು ಫ್ರೇಮಿನಲ್ಲಿ ಚಿತ್ರದ ಜಾಗ ಸುಮಾರು 21 ಮಿ.ಮೀ. ಅಗಲ, 15 ಮಿ.ಮೀ.ಗಿಂತ ತುಸು ಹೆಚ್ಚು ಎತ್ತರ. ಥಿಯೇಟರಿನಲ್ಲಿ ತೋರಿಸುವಾಗ ಪ್ರೊಜೆಕ್ಟರ್ ಗೇಟಿಗೆ ಒಂದು ಲೋಹದ ಮಾಸ್ಕ್ ತೂರಿಸುತ್ತಾರೆ. ಅಗಲ ಹಾಗೇ ಉಳಿದು ಎತ್ತರ 11.3 ಮಿ.ಮೀ.ಗೆ ಇಳಿಯುತ್ತದೆ. ಅಗಲ ಎತ್ತರದ 1.85 ಪಟ್ಟು, ಅದೇ 1.85 ಅನುಪಾತ. ಮೇಲೆ 2 ಮಿ.ಮೀ., ಕೆಳಗೆ 2 ಮಿ.ಮೀ. ಮರೆ. ನಾಲ್ಕು ಮಿ.ಮೀ. ಏನು ಮಹಾ ಅನ್ನಬೇಡಿ, ಫ್ರೇಮಿನ ಎತ್ತರದಲ್ಲಿ ಅದು ಕಾಲು ಭಾಗ!

ಕ್ಯಾಮೆರಾದ ವ್ಯೂಫೈಂಡರ್ ಗಾಜಿನ ಮೇಲೆ ಆ 1.85ರ ಗೆರೆ ಇರುತ್ತದೆ. ಬೂಮ್ ಹಿಡಿದವನು ಕಾಯಬೇಕಾದ್ದು ಆ ಗೆರೆಯನ್ನು. ಗೆರೆಯಾಚೆ ಫಿಲಮಿನ ಮೇಲೆ ಮೈಕ್ ಬಿದ್ದರೂ ಪ್ರೇಕ್ಷಕನಿಗೆ ಕಾಣುವುದಿಲ್ಲ ಎಂಬ ಧೈರ್ಯ. ಆಮೇಲೆ ಮನೆಯಲ್ಲಿ ನೋಡುವ ವಿಎಚ್‌ಎಸ್ ಟೇಪು ಬಂತು. ಟಿವಿ 4:3. ಟೇಪಿಗೆ ಇಳಿಸಿದವರು ಮಾಸ್ಕ್ ಇಲ್ಲದೆ ಇಡೀ ಫ್ರೇಮನ್ನು ಇಳಿಸಿದರು, ಮೈಕ್ ಮೆರವಣಿಗೆ ಹೊರಟಿತು. ಕ್ಯಾಮೆರಾ ಹಿಡಿದಿದ್ದ ನಿಕೊಲಸ್ ಜೋಸೆಫ್ ವಾನ್ ಸ್ಟರ್ನ್‌ಬರ್ಗ್ ಕೆಲಸ ಗೊತ್ತಿಲ್ಲದವರಲ್ಲ. ಅವರ ಮೇಲೆ ದಶಕಗಟ್ಟಲೆ ಬಿದ್ದ ಅಪವಾದ ಟೇಪು ಮಾಡಿದವರ ಪಾಪ. 2016ರಲ್ಲಿ ವಿನೆಗರ್ ಸಿಂಡ್ರೋಮ್ ಸಂಸ್ಥೆ ಬ್ಲೂರೇ ತಂದಾಗ 1.85ರಲ್ಲೇ ಕೊಟ್ಟಿತು. ಮೈಕನ್ನೇ ಪ್ರೀತಿಸಿದವರೂ ಇದ್ದಾರಲ್ಲ, ಅವರಿಗೆಂದು 'ಬೂಮ್ ಮೈಕ್ ಆವೃತ್ತಿ'ಯನ್ನೂ ಅದೇ ಡಿಸ್ಕಿನಲ್ಲಿ ಇಟ್ಟಿತು.

ಗಾಂಧಿಕ್ಲಾಸ್:
ಸ್ವಾಮಿ, ಮೈಕಿನ ಕೇಸಿನಲ್ಲಿ ಖುಲಾಸೆ ಒಪ್ಪಿದೆ. ಫೈಟುಗಳ ಕೇಸು ಬಾಕಿ ಇದೆ. 'ಡಾಲೆಮೈಟ್'ನಲ್ಲಿ ಒದೆತಕ್ಕೂ ಬೀಳುವವನಿಗೂ ನಡುವೆ ಗೇಣು ಜಾಗ ಬಿಟ್ಟಿರುತ್ತದೆ. ಅದನ್ನು ಯಾವ ಮಾಸ್ಕೂ ಮುಚ್ಚುವುದಿಲ್ಲ.

ಕಾರಣ ಕ್ಯಾಮೆರಾ ನಿಂತ ಜಾಗ. ಹೊಡೆತ ನಿಜವೆನಿಸಬೇಕಾದರೆ ಹೊಡೆಯುವವನ ಮುಷ್ಟಿ, ತಿನ್ನುವವನ ದವಡೆ, ಲೆನ್ಸು ಮೂರೂ ಒಂದೇ ಗೆರೆಯಲ್ಲಿ ಬರಬೇಕು. ಒಬ್ಬನ ಬೆನ್ನ ಹಿಂದಿನಿಂದ ತೆಗೆದರೆ ಮುಷ್ಟಿ ಮುಖದ ಮುಂದೆ ಹಾದುಹೋದದ್ದು ತಾಗಿದ ಹಾಗೇ ಕಾಣುತ್ತದೆ. ಉದ್ದ ಲೆನ್ಸು ಹಾಕಿದರೆ ಮಧ್ಯದ ಅಂತರ ಇನ್ನೂ ಕುಗ್ಗುತ್ತದೆ. ಅದನ್ನು ಬಿಟ್ಟು ಪಕ್ಕದಲ್ಲಿ ನಿಂತು, ಅಗಲ ಲೆನ್ಸಿನಲ್ಲಿ, ಇಬ್ಬರನ್ನೂ ತಲೆಯಿಂದ ಕಾಲಿನವರೆಗೆ ತೋರಿಸಿದರೆ ಗಾಳಿಗೆ ಒದ್ದದ್ದು ಊರಿಗೆಲ್ಲ ಗೊತ್ತಾಗುತ್ತದೆ. ಪಕ್ಕದಿಂದ ಯಾಕೆ ತೆಗೆಯುತ್ತಾರೆ? ಒಂದೇ ಸೆಟಪ್ಪಿನಲ್ಲಿ ಇಡೀ ಫೈಟ್ ಮುಗಿಯುತ್ತದೆ, ಲೈಟು ಕದಲಿಸುವ ಕೆಲಸವಿಲ್ಲ. ಹತ್ತು ಆ್ಯಂಗಲ್ಲಿಗೆ ಹತ್ತು ಸಲ ಲೈಟ್ ಮಾಡಲು ದಿನ ಎಲ್ಲಿದೆ?

ಲೆಕ್ಕದ ಮೇಷ್ಟ್ರು:
ದಿನದ ಲೆಕ್ಕವನ್ನೇ ನೋಡೋಣ. ಈ ಅಲೆ ಎಬ್ಬಿಸಿದ 'ಸ್ವೀಟ್ ಸ್ವೀಟ್‌ಬ್ಯಾಕ್ಸ್ ಬ್ಯಾಡ್ಯಾಸ್ ಸಾಂಗ್' (1971) ಚಿತ್ರಕ್ಕೆ ಮೆಲ್ವಿನ್ ವ್ಯಾನ್ ಪೀಬಲ್ಸ್ ಹೇಳಿದ ಖರ್ಚು ಸುಮಾರು 1,50,000 ಡಾಲರ್, ಚಿತ್ರೀಕರಣ 19 ದಿನ. ದಿನಕ್ಕೆ ಎಂಟು ಸಾವಿರಕ್ಕೂ ಕಡಿಮೆ, ಅದೂ ಎಡಿಟಿಂಗ್, ಪ್ರಿಂಟು ಎಲ್ಲ ಸೇರಿ. ಕೊನೆಗೆ ಕೈ ಖಾಲಿಯಾದಾಗ ಬಿಲ್ ಕಾಸ್ಬಿಯಿಂದ 50,000 ಸಾಲ.

ಹಣ ಎಲ್ಲಿ ಉಳಿಯಿತು? ಮೊದಲನೆಯದು ಯೂನಿಯನ್, ಅಂದರೆ ಸಿನಿಮಾ ಕೆಲಸಗಾರರ ಸಂಘ. ಯೂನಿಯನ್ ಸಿಬ್ಬಂದಿ ಹಾಕಿದ್ದರೆ ಆ ಹಣದಲ್ಲಿ ಚಿತ್ರ ಆಗುತ್ತಿರಲಿಲ್ಲ, ಆಗ ಯೂನಿಯನ್‌ಗಳಲ್ಲಿ ಕಪ್ಪುಜನ ಹುಡುಕಿದರೂ ಸಿಗುತ್ತಿರಲಿಲ್ಲ. ಆದ್ದರಿಂದ ನೀಲಿಚಿತ್ರ ತೆಗೆಯುತ್ತಿದ್ದೇವೆ ಎಂದು ಸುದ್ದಿ ಬಿಟ್ಟರು. ನೀಲಿಚಿತ್ರದ ಸೆಟ್ಟಿಗೆ ಯೂನಿಯನ್ ಬರುತ್ತಿರಲಿಲ್ಲ. ನಿರ್ದೇಶನ, ನಾಯಕನ ಪಾತ್ರ, ಕಥೆ, ಸಂಗೀತ, ಎಡಿಟಿಂಗ್ ಎಲ್ಲ ಒಬ್ಬರದೇ. ಕಾರು ಸುಡುವ ದೃಶ್ಯದಲ್ಲಿ ಬೆಂಕಿ ಕಂಡು ಅಗ್ನಿಶಾಮಕದವರು ನಿಜವಾಗಿಯೂ ಬಂದುಬಿಟ್ಟರು. ಕ್ಯಾಮೆರಾ ನಿಲ್ಲಿಸಲಿಲ್ಲ, ಚಿತ್ರದಲ್ಲಿ ಅವರೂ ಇದ್ದಾರೆ.

ಇನ್ನು ಫಿಲಮಿನ ಖರ್ಚು. 35 ಎಂಎಂ ನಿಮಿಷಕ್ಕೆ 90 ಅಡಿ ಓಡುತ್ತದೆ. ಸಾವಿರ ಅಡಿಯ ರೀಲು 11 ನಿಮಿಷ. 90 ನಿಮಿಷದ ಚಿತ್ರ 8,100 ಅಡಿ. ಹತ್ತು ಪಟ್ಟು ತೆಗೆದರೆ 81,000 ಅಡಿ ಕೊಳ್ಳಬೇಕು, ತೊಳೆಸಬೇಕು, ಪ್ರಿಂಟ್ ಹಾಕಿಸಬೇಕು. ನಾಲ್ಕು ಪಟ್ಟಿಗೆ ನಿಲ್ಲಿಸಿದರೆ 32,400. ನಟ ಡೈಲಾಗ್ ತಡವರಿಸಿದ ಟೇಕು ಚಿತ್ರದಲ್ಲಿ ಉಳಿದುಕೊಳ್ಳುವುದು ಈ ಎರಡು ಸಂಖ್ಯೆಗಳ ನಡುವೆ. ಎರಡನೇ ಟೇಕು ತೆಗೆದಿರುವುದೇ ಇಲ್ಲ.

ಗಾಂಧಿಕ್ಲಾಸ್:
ಪರ್ಮಿಶನ್ ಖರ್ಚು ಬಿಟ್ಟಿರಿ ಮೇಷ್ಟ್ರೇ. ಲ್ಯಾರಿ ಕೋಹೆನ್ ಅವರ 'ಬ್ಲ್ಯಾಕ್ ಸೀಸರ್' (1973) ನೋಡಿ. ಗುಂಡೇಟು ತಿಂದ ಫ್ರೆಡ್ ವಿಲಿಯಮ್ಸನ್ ಹೊಟ್ಟೆ ಹಿಡಿದುಕೊಂಡು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂನಲ್ಲಿ ತೂರಾಡುತ್ತಾ ನಡೆಯುತ್ತಾರೆ. ಸುತ್ತಲಿನವರು ಜೂನಿಯರ್ ಆರ್ಟಿಸ್ಟುಗಳಲ್ಲ, ದಾರಿಹೋಕರು. ಒಬ್ಬೊಬ್ಬರ ಮುಖ ಗಮನಿಸಿ: ಕೆಲವರು ಸರಿದು ದಾರಿ ಬಿಡುತ್ತಾರೆ, ಕೆಲವರು ತಿರುಗಿ ನೋಡಿ ಮತ್ತೆ ತಮ್ಮ ಪಾಡಿಗೆ ನಡೆಯುತ್ತಾರೆ. ರಕ್ತ ಸೋರುವ ಕಪ್ಪು ಮನುಷ್ಯನನ್ನು ಆ ಶ್ರೀಮಂತ ಬೀದಿ ಹೇಗೆ ನೋಡುತ್ತದೆ ಅನ್ನುವುದನ್ನು ಸ್ಟುಡಿಯೋ ದುಡ್ಡು ಸುರಿದಿದ್ದರೂ ಹೀಗೆ ತೆಗೆಯಲಾಗುತ್ತಿರಲಿಲ್ಲ.

ಅದೇ ಕೋಹೆನ್ ಅವರ 'ಹೆಲ್ ಅಪ್ ಇನ್ ಹಾರ್ಲೆಮ್' ತೇಪೆ ಹಾಕಿದ ಕೆಲಸ. ವಾರದ ದಿನಗಳಲ್ಲಿ ಅವರು ಬೇರೊಂದು ಚಿತ್ರದಲ್ಲಿ, ವಿಲಿಯಮ್ಸನ್ ಇನ್ನೊಂದು ಸ್ಟುಡಿಯೋದಲ್ಲಿ. ಶನಿವಾರ ಭಾನುವಾರ ಮಾತ್ರ ಶೂಟಿಂಗ್. ನಾಯಕ ಸಿಗದ ದಿನ ಡ್ಯೂಪ್ ನಿಲ್ಲಿಸಿ ಬೆನ್ನಿನಿಂದ ತೆಗೆದರು. ನಾಯಕ ತುಂಬ ಹೊತ್ತು ಮುಖ ತೋರಿಸದೆ ಓಡಾಡುತ್ತಿದ್ದಾನೆ ಅಂದರೆ ಅವನು ನಾಯಕನಲ್ಲ.

ಸೈಡ್ ಬಿ:
ನೀವೆಲ್ಲ ಕಣ್ಣಿನ ಮಾತೇ ಆಡ್ತಿದ್ದೀರಿ ಮಾರಾಯ್ರೆ. ಈ ಚಿತ್ರಗಳು ಐವತ್ತು ವರ್ಷ ಉಳಿದದ್ದು ಕಿವಿಯಿಂದ. 'ಶಾಫ್ಟ್' (1971) ಟೈಟಲ್ ಹಾಡು ಕೇಳಿ. ಮೊದಲು ವಿಲ್ಲಿ ಹಾಲ್‌ರ ಹೈ-ಹ್ಯಾಟ್ (ಡ್ರಮ್ಮಿನ ಜೋಡಿ ತಾಳ) ಒಂದೇ, ಬೀಟಿಗೆ ನಾಲ್ಕು ಏಟು. ಅದರ ಮೇಲೆ ಚಾರ್ಲ್ಸ್ ಪಿಟ್ಸ್‌ರ ಗಿಟಾರ್, ಕಾಲಿನಿಂದ ಒತ್ತಿ ನಾದ ಬದಲಿಸುವ ವಾ-ವಾ ಪೆಡಲಿನಲ್ಲಿ. ಅಲ್ಲಿ ರಾಗಕ್ಕಿಂತ ಕಾಲಿನ ಕೆಲಸ ಹೆಚ್ಚು ಉಂಟು. ಐಸಾಕ್ ಹೇಸ್ ಬಾಯಿ ತೆರೆಯುವಾಗ ಎರಡೂವರೆ ನಿಮಿಷ ದಾಟಿರುತ್ತದೆ. ಅಷ್ಟು ಹೊತ್ತು ರಿಚರ್ಡ್ ರೌಂಡ್‌ಟ್ರೀ ಸಬ್‌ವೇ ಮೆಟ್ಟಿಲು ಹತ್ತಿ ಬಂದು ಟೈಮ್ಸ್ ಸ್ಕ್ವೇರಿನ ಕಾರುಗಳ ಮಧ್ಯೆ ನಡೆಯುವುದು, ಅಷ್ಟೇ. ಒಬ್ಬ ಕಪ್ಪು ನಾಯಕ ಊರು ತನ್ನದೇ ಎಂಬ ಹಾಗೆ ನಡೆಯುವುದನ್ನು ನೋಡಲಿಕ್ಕೇ ಜನ ಟಿಕೆಟ್ ಕೊಟ್ಟದ್ದು. 1972ರಲ್ಲಿ ಆ ಹಾಡಿಗೆ ಆಸ್ಕರ್ ಬಂತು.

ಅಗ್ಗದ ಚಿತ್ರಕ್ಕೆ ಹಾಡು ಪುಕ್ಕಟೆ ಪ್ರಚಾರವೂ ಹೌದು. ವ್ಯಾನ್ ಪೀಬಲ್ಸ್ ಹತ್ತಿರ ಜಾಹೀರಾತಿಗೆ ದುಡ್ಡಿರಲಿಲ್ಲ. ಆಗಿನ್ನೂ ಹೆಸರಾಗಿರದ ಅರ್ತ್, ವಿಂಡ್ ಅಂಡ್ ಫೈರ್ ತಂಡದಿಂದ ನುಡಿಸಿ, ಸ್ಟ್ಯಾಕ್ಸ್ ಲೇಬಲ್ಲಿನಲ್ಲಿ ರೆಕಾರ್ಡನ್ನು ಚಿತ್ರಕ್ಕೂ ಮೊದಲೇ ಬಿಟ್ಟರು.

'ಸೂಪರ್ ಫ್ಲೈ' (1972) ಕತೆ ಇನ್ನೂ ಚಂದ. ಕಚ್ಚಾ ಪ್ರತಿ ನೋಡಿದ ಅದರ ಸಂಗೀತಗಾರ ಕರ್ಟಿಸ್ ಮೇಫೀಲ್ಡ್‌ಗೆ ಅದು ಕೊಕೇನಿನ ಜಾಹೀರಾತಿನ ಹಾಗೆ ಕಂಡಿತು. ಆದ್ದರಿಂದ ಹಾಡಿನ ಸಾಲುಗಳಲ್ಲಿ ಚಿತ್ರಕ್ಕೇ ಉತ್ತರ ಬರೆದರು. ಪರದೆಯ ಮೇಲೆ ತುಪ್ಪಳದ ಕೋಟು, ಉದ್ದ ಕಾರು. ಸ್ಪೀಕರಿನಲ್ಲಿ ಸತ್ತ ಫ್ರೆಡ್ಡಿಯ ಶೋಕ. ಆದರೆ 'ಫ್ರೆಡ್ಡೀಸ್ ಡೆಡ್' ಚಿತ್ರದೊಳಗೆ ಬರುವುದು ಬರೀ ವಾದ್ಯದಲ್ಲಿ. ಸಾಹಿತ್ಯ ಕೇಳಿಸದ ಕಾರಣ ಆಸ್ಕರ್ ಸ್ಪರ್ಧೆಗೇ ಅರ್ಹವಾಗಲಿಲ್ಲ. ಹಾಗಾಗಿ ಚಿತ್ರ ನೋಡಿ ರೆಕಾರ್ಡ್ ಕೇಳದಿದ್ದರೆ ಅರ್ಧ ವಾದ ತಪ್ಪಿಹೋಗ್ತದೆ.

ಪ್ರೊಜೆಕ್ಟರ್ ಕೋಣೆ:
'ಸೂಪರ್ ಫ್ಲೈ' ಬಂದದ್ದರಿಂದ ಒಂದು ಸೇರ್ಪಡೆ. ಕೊಕೇನ್ ಊರೆಲ್ಲ ಹಂಚಿಹೋಗುವ ಭಾಗ ಚಲನಚಿತ್ರವೇ ಅಲ್ಲ, ಸ್ಟಿಲ್ ಫೋಟೋಗಳು. ಪರದೆಯನ್ನು ಚೌಕಚೌಕವಾಗಿ ಸೀಳಿ, 'ಪುಷರ್‌ಮ್ಯಾನ್' ಹಾಡಿಗೆ ಒಂದೊಂದೇ ಚಿತ್ರ ಬೀಳಿಸಿದ್ದಾರೆ. ನಿರ್ದೇಶಕ ಗಾರ್ಡನ್ ಪಾರ್ಕ್ಸ್ ಜೂನಿಯರ್‌ಗೆ ಸ್ಟಿಲ್ ಕ್ಯಾಮೆರಾ ಒಗ್ಗಿದ ಕೈ. ಹತ್ತಾರು ಲೊಕೇಶನ್ನು, ಲೈಟು, ಸಿಬ್ಬಂದಿ ಬೇಕಾಗಿದ್ದ ಭಾಗ ಒಂದು ಸ್ಟಿಲ್ ಕ್ಯಾಮೆರಾದಲ್ಲಿ ಮುಗಿಯಿತು, ಅದೇ ಚಿತ್ರದ ಅತ್ಯುತ್ತಮ ಭಾಗವೂ ಆಯಿತು. ಆ ಕ್ಯಾಡಿಲಾಕ್ ಎಲ್ಡೊರಾಡೊ ಕಾರು ಕೂಡ ಪ್ರೊಡಕ್ಷನ್ನಿನದಲ್ಲ. ಕೆ.ಸಿ. ಎಂಬ ಹಾರ್ಲೆಮ್ ಆಸಾಮಿಯದ್ದು, ಅವನಿಗೂ ಚಿತ್ರದಲ್ಲಿ ಪಾತ್ರ ಸಿಕ್ಕಿತು.

ರಾತ್ರಿ ದೃಶ್ಯಗಳು ಯಾಕಷ್ಟು ಕಾಳುಕಾಳು ಅನ್ನುವುದಕ್ಕೂ ಉತ್ತರ ಇದೆ. ಆಗ ಅಮೆರಿಕದಲ್ಲಿ ಎಲ್ಲರೂ ಬಳಸುತ್ತಿದ್ದ ಈಸ್ಟ್‌ಮನ್ 5254 ನೆಗೆಟಿವಿನ ವೇಗ, ಅಂದರೆ ಬೆಳಕು ಹಿಡಿಯುವ ಶಕ್ತಿ, 100 ಎಎಸ್‌ಎ ಮಾತ್ರ. ಬೀದಿದೀಪಕ್ಕೆ ಅದು ಸಾಲದು. ಲ್ಯಾಬಿನಲ್ಲಿ ಹೆಚ್ಚು ಹೊತ್ತು ಡೆವಲಪ್ ಮಾಡಿ ಒಂದು ಸ್ಟಾಪ್, ಅಂದರೆ ಎರಡು ಪಟ್ಟು, ಏರಿಸುವುದು ರೂಢಿ. ಆಗ 200 ಸಿಗುತ್ತದೆ, ಜೊತೆಗೆ ಗ್ರೇನ್ ಏಳುತ್ತದೆ, ನೆರಳು ಬೂದಿಯಾಗುತ್ತದೆ. ಕಪ್ಪು ಮೈಬಣ್ಣ ಕಡಿಮೆ ಬೆಳಕು ಹಿಂತಿರುಗಿಸುವುದರಿಂದ ಪೆಟ್ಟು ಮೊದಲು ಬೀಳುವುದು ಮುಖಕ್ಕೇ. ಇದಕ್ಕೆ ಮದ್ದು ನೇರ ಮುಂದಿನ ಲೈಟ್ ಜಾಸ್ತಿ ಮಾಡುವುದಲ್ಲ. ಹಾಗೆ ಮಾಡಿದರೆ ಹಿಂದಿನ ಗೋಡೆ ಬಿಳುಚಿಕೊಳ್ಳುತ್ತದೆ. ಪಕ್ಕದಿಂದ ಅಗಲವಾದ ಮೃದು ಬೆಳಕು ಕೊಟ್ಟು ಚರ್ಮದ ಹೊಳಪನ್ನು ಹಿಡಿಯಬೇಕು. ಆತುರದಲ್ಲಿ ತೆಗೆದ ಚಿತ್ರಗಳಲ್ಲಿ ತಪ್ಪಿಹೋದದ್ದು ಇದೇ.

ಗೀಗೀ ಮೇಳ:
ಅಲ್ರಿ, ಡಾಲೆಮೈಟ್ ಅಂದ್ರ ಬರೀ ಮೈಕು, ಫೈಟು ಏನ್ರಿ? ಮಾತಿನ ಬಗ್ಗೆ ಯಾರೂ ಅನ್ನವಲ್ರಿ. ಡಾಲೆಮೈಟ್ ಪಾತ್ರಾ ಮಾಡಿದ ರೂಡಿ ರೇ ಮೂರ್ ಸಿನಿಮಾದಾವ ಅಲ್ಲ, ಮಾತಿನ ಮಲ್ಲ. ಕಪ್ಪುಜನರೊಳಗ 'ಟೋಸ್ಟ್' ಅಂತ ಒಂದು ಬಾಯಿಪಾಠದ ಪರಂಪರೆ ಐತಿ. ಪ್ರಾಸ ಕಟ್ಟಿ, ತನ್ನ ಪ್ರತಾಪ ಹೊಗಳಿಕೊಂಡು, ಎದುರಿನವನ ಮಾನ ಹರಾಜು ಹಾಕೋದು. ನಮ್ಮ ಹರದೇಶಿ-ನಾಗೇಶಿ ಸವಾಲು-ಜವಾಬು ಕೇಳಿದವರಿಗೆ ಇದರ ಗತ್ತು ಲಗೂನ ತಿಳೀತದ. ಲಾಸ್ ಏಂಜಲೀಸದಾಗ ರೆಕಾರ್ಡ್ ಅಂಗಡಿಗೆ ಬರೋ ಒಬ್ಬ ಬೀದಿಯಾವನ ಬಾಯಿಂದ ಡಾಲೆಮೈಟನ ಪದಾ ಕೇಳಿ, ಬರಕೊಂಡು, 1970ರಾಗ 'ಈಟ್ ಔಟ್ ಮೋರ್ ಆಫನ್' ಅಂತ ರೆಕಾರ್ಡ್ ತಂದ. ಆ ರೆಕಾರ್ಡ್‌ಗಳ ರೊಕ್ಕಾನ ಮುಂದ ಸಿನಿಮಾಕ್ಕ ಬಂಡವಾಳ ಆತು.

ಅದಕ್ಕ ಆ ಸಿನಿಮಾದಾಗ ಕಥಿ ನಿಲ್ತದ, ಮನಷ್ಯಾ ಒಂದು ಗುಂಪಿನ ಮುಂದ ನಿಂತು ಪದಾ ಹೇಳ್ತಾನ. ಎಡಿಟಿಂಗ್ ಬರಲಿಲ್ಲ ಅಂತ ಬೈತಾರಲ್ಲ, ಅದು ತಪ್ಪು. ಜನ ಬಂದಿದ್ದ ಅದಕ್ಕ. ರ‍್ಯಾಪ್ ಹಾಡವರು ಅವನ್ನ ಹಿರಿಯಾ ಅಂತ ಒಪ್ಪಿಕೊಂಡಿದ್ದೂ ಇದಕ್ಕ. ಸಬ್‌ಟೈಟಲ್ ಹಚ್ಚಿ ನೋಡವರಿಗೆ ಒಂದು ಮಾತು: ಪ್ರಾಸ ಸಬ್‌ಟೈಟಲ್‌ನ್ಯಾಗ ಸಾಯ್ತದ. ಮೊದಲು ಸಬ್‌ಟೈಟಲ್ ಇಲ್ಲದ ಎರಡು ಸಲ ಕೇಳ್ರಿ, ತಾಳ ಸಿಗತದ. ಅರ್ಥ ಆಮ್ಯಾಲೆ.

ತಗಾದೆ:
ಎಲ್ಲ ಸರಿ, ಹೊಗಳಿಕೆ ಅತಿಯಾಯಿತು. ಬ್ಲ್ಯಾಕ್ಸ್‌ಪ್ಲಾಯ್ಟೇಶನ್ ಅನ್ನುವ ಪದವೇ ಬೈಗುಳವಾಗಿ ಹುಟ್ಟಿದ್ದು. 1972ರಲ್ಲಿ ಕಪ್ಪುಜನರ ಹಕ್ಕುಗಳಿಗೆ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಹಾಲಿವುಡ್ ಶಾಖೆಯ ಜೂನಿಯಸ್ ಗ್ರಿಫಿನ್ ಬಳಕೆಗೆ ತಂದರು. ಪಿಂಪು, ಡ್ರಗ್ ಮಾರುವವನು, ಬಾಡಿಗೆ ಕೊಲೆಗಾರ, ಇವರೇ ನಮ್ಮ ಮಕ್ಕಳಿಗೆ ನಾಯಕರಾ ಎಂಬುದು ಆಕ್ಷೇಪ. ದುಡ್ಡು ಯಾರಿಗೆ ಹೋಯಿತು ಎಂಬುದು ನನ್ನ ಆಕ್ಷೇಪ. 'ಕಾಫಿ', 'ಬ್ಲ್ಯಾಕ್ ಸೀಸರ್', 'ಕ್ಲಿಯೋಪಾತ್ರ ಜೋನ್ಸ್' ಮೂರರ ನಿರ್ದೇಶಕರೂ ಬಿಳಿಯರು. ಬಿಳಿಯರು ಉಪನಗರಗಳಿಗೆ ಗುಳೆ ಹೋದ ಮೇಲೆ ಊರ ಮಧ್ಯದ ದೊಡ್ಡ ಥಿಯೇಟರುಗಳು ಖಾಲಿ ಹೊಡೆಯುತ್ತಿದ್ದವು. ಅವನ್ನು ತುಂಬಿಸಲು ಸ್ಟುಡಿಯೋಗಳಿಗೆ ಅಗ್ಗದ ಸರಕು ಬೇಕಿತ್ತು. 'ದಿ ಗಾಡ್‌ಫಾದರ್', 'ದಿ ಎಕ್ಸಾರ್ಸಿಸ್ಟ್' ಥರದ ದೊಡ್ಡ ಚಿತ್ರಗಳಿಗೂ ಕಪ್ಪು ಪ್ರೇಕ್ಷಕರು ಬರುತ್ತಾರೆಂದು ತಿಳಿದ ಮೇಲೆ ಬೇರೆ ಚಿತ್ರ ಮಾಡುವ ಗರಜೇ ಉಳಿಯಲಿಲ್ಲ. ದಶಕದ ನಡುವಿಗೆ ಅಂಗಡಿ ಬಾಗಿಲು ಹಾಕಿತು. ನಟರು ಬೀದಿಗೆ ಬಿದ್ದರು.

ಗಾಂಧಿಕ್ಲಾಸ್:
ತಗಾದೆಯವರೇ, ದುಡ್ಡಿನ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಾಡಲ್ಲ. ಆದರೆ 'ಕಾಫಿ' (1973) ಹುಟ್ಟಿದ ಬಗೆ ಕೇಳಿ. ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಕೈಯಿಂದ 'ಕ್ಲಿಯೋಪಾತ್ರ ಜೋನ್ಸ್' ತಪ್ಪಿ ವಾರ್ನರ್ ಬ್ರದರ್ಸ್ ಪಾಲಾಯಿತು. ಆ ಸಿಟ್ಟಿಗೆ ನಿರ್ದೇಶಕ ಜ್ಯಾಕ್ ಹಿಲ್‌ರನ್ನು ಕರೆದು, ಅವರದಕ್ಕಿಂತ ಮೊದಲು ನಮ್ಮದು ತೆರೆಗೆ ಬರಬೇಕು ಎಂದರು. ಬಂತು. ವಾರ್ನರ್‌ನವರ ನಾಯಕಿ ಸರ್ಕಾರಿ ಏಜೆಂಟ್, ತುಪ್ಪಳ, ಕಾರು, ಕರಾಟೆ. ಪ್ಯಾಮ್ ಗ್ರಿಯರ್‌ರ ಕಾಫಿ ಒಬ್ಬ ನರ್ಸು. ಜಗಳಕ್ಕೆ ಮುಂಚೆ ತನ್ನ ಆಫ್ರೋ ಕೂದಲೊಳಗೆ ರೇಜರ್ ಬ್ಲೇಡು ಸಿಕ್ಕಿಸಿಕೊಳ್ಳುತ್ತಾಳೆ. ಎದುರಾಳಿ ಜುಟ್ಟು ಹಿಡಿಯುತ್ತಾಳೆ, ಅಂಗೈ ಸೀಳುತ್ತದೆ. ಬ್ಲೇಡಿಗೆ ನಾಲ್ಕಾಣೆ ಖರ್ಚು. ಕಪ್ಪು ಹೆಂಗಸಿನ ಕೂದಲು ಹೇಗಿರಬೇಕೆಂದು ಎಲ್ಲರೂ ಉಪದೇಶ ಮಾಡುತ್ತಿದ್ದ ಕಾಲದಲ್ಲಿ ಆ ಕೂದಲೇ ಆಯುಧ! ಆ ಶಾಟಿಗೆ ಥಿಯೇಟರಿನಲ್ಲಿ ಶಿಳ್ಳೆ ಬೀಳದೆ ಇರುತ್ತದಾ?

'ಫಾಕ್ಸಿ ಬ್ರೌನ್' (1974) ನಿಜವಾಗಿ 'ಕಾಫಿ'ಯ ಎರಡನೇ ಭಾಗ ಆಗಬೇಕಿತ್ತು. ಎರಡನೇ ಭಾಗಗಳು ಓಡಲ್ಲ ಎಂದು ಕಂಪನಿಯವರು ಕೊನೇ ಗಳಿಗೆಯಲ್ಲಿ ಹೆಸರು ಬದಲಿಸಿದರು. ನರ್ಸ್ ಅನ್ನುವಂತಿಲ್ಲ, ಹೊಸದು ಬರೆಯಲು ಸಮಯವಿಲ್ಲ. ಫಾಕ್ಸಿ ಹೊಟ್ಟೆಪಾಡಿಗೆ ಏನು ಮಾಡುತ್ತಾಳೆ ಅನ್ನುವುದು ಚಿತ್ರದಲ್ಲಿ ಎಲ್ಲೂ ಬರದಿರಲು ಇದೇ ಕಾರಣ.

ನೆಗೆಟಿವ್ ನಾಣಿ:
ತಗಾದೆಯವರು ಬರೀ ಗಲ್ಲಾಪೆಟ್ಟಿಗೆ ಚಿತ್ರಗಳನ್ನೇ ಎಣಿಸಿದ್ದಾರೆ. ಇದೇ ಹಣೆಪಟ್ಟಿ ಅಂಟಿಸಿಕೊಂಡು ಕಾಣೆಯಾದವೂ ಇವೆ.

'ದಿ ಸ್ಪೂಕ್ ಹೂ ಸ್ಯಾಟ್ ಬೈ ದಿ ಡೋರ್' (1973), ಐವನ್ ಡಿಕ್ಸನ್ ನಿರ್ದೇಶನ. ಸಿಐಎಯಲ್ಲಿ ತರಬೇತಾದ ಕಪ್ಪು ಅಧಿಕಾರಿ ಆ ವಿದ್ಯೆಯನ್ನೇ ಷಿಕಾಗೋ ಹುಡುಗರಿಗೆ ಕಲಿಸುವ ಕಥೆ. ಷಿಕಾಗೋದಲ್ಲಿ ಅನುಮತಿ ಸಿಗಲಿಲ್ಲ. ಪಕ್ಕದ ಇಂಡಿಯಾನಾದ ಗ್ಯಾರಿ ಊರಲ್ಲಿ ಕಪ್ಪು ಮೇಯರ್ ರಿಚರ್ಡ್ ಹ್ಯಾಚರ್ ಇದ್ದರು, ಬಹುಪಾಲು ಅಲ್ಲೇ ಚಿತ್ರೀಕರಣವಾಯಿತು. ಬಿಡುಗಡೆಯಾದ ಸ್ವಲ್ಪ ದಿನಕ್ಕೇ ಥಿಯೇಟರುಗಳಿಂದ ಎತ್ತಿಬಿಟ್ಟರು. ನೆಗೆಟಿವ್ ಉಳಿದದ್ದು ಬೇರೆ ಹೆಸರಿನ ಡಬ್ಬಿಯಲ್ಲಿಟ್ಟಿದ್ದರಿಂದ. ಡಿವಿಡಿ ಬಂದದ್ದು 2004ರಲ್ಲಿ.

ಬಿಲ್ ಗನ್‌ರ 'ಗಾಂಜಾ ಅಂಡ್ ಹೆಸ್' (1973) ಇನ್ನೊಂದು. 'ಬ್ಲ್ಯಾಕ್ಯುಲಾ' ಓಡಿತಲ್ಲ, ಅಂಥದೇ ರಕ್ತಪಿಶಾಚಿ ಚಿತ್ರ ಮಾಡಿಕೊಡು ಎಂದು ನಿರ್ಮಾಪಕರು ಕೊಟ್ಟ ಹಣದಲ್ಲಿ ಅವರು ಚಟದ ಬಗ್ಗೆ, ದೇವರ ಬಗ್ಗೆ ನಿಧಾನದ ಚಿತ್ರ ತೆಗೆದರು. ನಿರ್ಮಾಪಕರು ಅದನ್ನು ಬೇರೊಂದು ಕಂಪನಿಗೆ ಮಾರಿದರು, ಆ ಕಂಪನಿಯವರು 113 ನಿಮಿಷವನ್ನು 78ಕ್ಕೆ ಕತ್ತರಿಸಿ 'ಬ್ಲಡ್ ಕಪಲ್' ಎಂದು ಬಿಟ್ಟರು. ಪೂರ್ತಿ ಚಿತ್ರ ನಮಗೆ ಸಿಕ್ಕಿರುವುದು ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಮ್ಮಿನಲ್ಲಿ ಒಂದು ಪ್ರಿಂಟ್ ಉಳಿದಿದ್ದರಿಂದ. ಡಿಸ್ಕ್ ಕೊಳ್ಳುವಾಗ ಅವಧಿ ನೋಡಿ. 78 ಎಂದಿದ್ದರೆ ಕೆಳಗಿಡಿ.

ಪ್ರಿಂಟುಗಳು ಕೆಂಪಡರುವ ಬಗ್ಗೆಯೂ ಹೇಳಿಬಿಡುತ್ತೇನೆ. ಆ ಕಾಲದ ಈಸ್ಟ್‌ಮನ್‌ಕಲರ್ ಪ್ರಿಂಟಿನಲ್ಲಿ ಮೂರು ಬಣ್ಣದ ಪದರ, ಅದರಲ್ಲಿ ಸಯಾನ್ (ಹಸಿರುನೀಲಿ) ಮೊದಲು ಮಾಸುತ್ತದೆ. ಉಳಿದದ್ದು ಗುಲಾಬಿ. ನೆಗೆಟಿವ್ ಇದ್ದರೆ ಚಿಂತೆ ಕಡಿಮೆ. ಪ್ರಿಂಟ್ ಮಾತ್ರ ಉಳಿದಿದ್ದರೆ ಸ್ಕ್ಯಾನ್ ಮಾಡಿ ಕೆಂಪು ಚಾನೆಲ್ಲಿನ ಕಾಂಟ್ರಾಸ್ಟ್ ಏರಿಸಬೇಕು. ಏರಿಸಿದಷ್ಟೂ ಗ್ರೇನ್ ಏರುತ್ತದೆ. ಆಳದ ನೆರಳು ಮಾತ್ರ ಜಪ್ಪಯ್ಯ ಅಂದರೂ ಕಪ್ಪಾಗದೆ ಕಂದಾಗಿಯೇ ಉಳಿಯುತ್ತದೆ.

ಎರಡನೇ ರೋಗ ಅಸಿಟೇಟ್ ಬೇಸಿನದು, ಅಂದರೆ ಬಣ್ಣದ ಪದರಗಳನ್ನು ಹೊತ್ತ ಪ್ಲಾಸ್ಟಿಕ್ ಪಟ್ಟಿಯದು. ಸೆಖೆ, ತೇವ ಸೇರಿದರೆ ಡಬ್ಬಿ ತೆರೆದ ಕೂಡಲೇ ವಿನೆಗರ್ ವಾಸನೆ, ಆಮೇಲೆ ಫಿಲಮು ಮುದುಡುತ್ತದೆ. ಮೇಲೆ ಹೇಳಿದ ಸಂಸ್ಥೆಯ ಹೆಸರು ಈ ರೋಗದ್ದೇ. ವಾಸನೆಗೂ ಮುಂಚೆ ತಿಳಿಯಲು ಎ-ಡಿ ಪಟ್ಟಿ ಎಂಬ ಕಾಗದ ಡಬ್ಬಿಯೊಳಗೆ ಇಡುತ್ತಾರೆ. ನೀಲಿ ಹಸಿರಾದರೆ ಶುರುವಾಗಿದೆ, ಹಳದಿಯಾದರೆ ಬೇಗ ಸ್ಕ್ಯಾನ್ ಮಾಡಿ. ಆ ರೀಲನ್ನು ಬೇರೆಯವುಗಳಿಂದ ದೂರ ಇಡಬೇಕು. ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಆಮ್ಲ ಒಳಗೇ ನಿಂತು ಇನ್ನೂ ಬೇಗ ತಿನ್ನುತ್ತದೆ.

ಹೊಸಬ:
ನಗುವುದಕ್ಕಾ ಎಂಬ ಪ್ರಶ್ನೆ ವಾಪಸು ತೆಗೆದುಕೊಂಡೆ. 4:3 ಪ್ರತಿ ಮಾತ್ರ ಕೈಯಲ್ಲಿದ್ದರೆ ಸರಿಮಾಡಿಕೊಂಡು ನೋಡಬಹುದಾ? ಮತ್ತೆ, ಈ ಚಿತ್ರಗಳನ್ನು ಅಣಕಿಸುತ್ತಾ ಬೇಕೆಂದೇ ಮೈಕ್ ತೋರಿಸುವ 'ಬ್ಲ್ಯಾಕ್ ಡೈನಮೈಟ್' (2009) ಈ ಸಾಲಿಗೆ ಸೇರುತ್ತದಾ?

ಪ್ರೊಜೆಕ್ಟರ್ ಕೋಣೆ:
ನೋಡಬಹುದು. ವಿಎಲ್‌ಸಿ ಪ್ಲೇಯರಿನಲ್ಲಿ 'ಸಿ' ಕೀಲಿ ಒತ್ತುತ್ತಾ ಹೋಗಿ, 1.85:1 ಬಂದಾಗ ನಿಲ್ಲಿಸಿ. ಅದು ಕ್ರಾಪ್. ಪಕ್ಕದ ನೆಂಟ 'ಎ' ಕೀಲಿ ಒತ್ತಬೇಡಿ. ಅದು ಚಿತ್ರವನ್ನೇ ಹಿಗ್ಗಿಸುತ್ತದೆ, ಎಲ್ಲರೂ ದಪ್ಪಗಾಗುತ್ತಾರೆ, ಮೈಕೂ ಹೋಗುವುದಿಲ್ಲ. 640×480 ಕಡತವಾದರೆ ಮೇಲೆ 67, ಕೆಳಗೆ 67 ಸಾಲು ಹೋಗಿ 346 ಉಳಿಯುತ್ತದೆ. ಚಿತ್ರ ಸ್ವಲ್ಪ ಮಂಜಾಗುತ್ತದೆ, ಆದರೆ ಫ್ರೇಮಿನ ತೂಕ ಸರಿಹೋಗುತ್ತದೆ. ಕ್ರಾಪ್ ಮಾಡಿದಾಗ ಹಣೆಗಳು ಕತ್ತರಿಸಿದರೆ ಆ ಪ್ರತಿ ಮೊದಲೇ ಕತ್ತರಿಸಿದ್ದು ಎಂದರ್ಥ, ಬಿಟ್ಟುಬಿಡಿ.

'ಕ್ಲಿಯೋಪಾತ್ರ ಜೋನ್ಸ್'ಗೆ ಈ ಉಪಾಯ ನಡೆಯುವುದಿಲ್ಲ. ಅದು ಪ್ಯಾನಾವಿಷನ್ ಸ್ಕೋಪ್, 1.85ಕ್ಕಿಂತಲೂ ಅಗಲದ ಚಿತ್ರ. ಅದರ ಟಿವಿ ಪ್ರತಿಯಲ್ಲಿ ಎಡಬಲ ಕತ್ತರಿಸಿ ಎಸೆದಿದ್ದಾರೆ, ಎಸೆದದ್ದನ್ನು ಯಾವ ಕೀಲಿಯೂ ತರುವುದಿಲ್ಲ.

'ಬ್ಲ್ಯಾಕ್ ಡೈನಮೈಟ್' ಮಾಡಿದವರು ಓದಿಕೊಂಡವರು. ಸೂಪರ್ 16 ಎಂಎಂ ರಿವರ್ಸಲ್ ಫಿಲಮಿನಲ್ಲಿ (ನೆಗೆಟಿವ್ ಬದಲು ನೇರ ಚಿತ್ರವೇ ಮೂಡುವ ಬಗೆ), 20 ದಿನದಲ್ಲಿ ತೆಗೆದರು, ಬಣ್ಣ ಹಾಗಾಗಿ ನಂಬಿಸುತ್ತದೆ. ಆದರೆ ಅಲ್ಲಿ ಮೈಕ್ ಬಂದಾಗ ನಟ ಅದರ ಕಡೆ ಕಣ್ಣು ಹಾಯಿಸುತ್ತಾನೆ. ಹಳೆಯ ಚಿತ್ರಗಳಲ್ಲಿ ಯಾರೂ ಮೇಲೆ ನೋಡುವುದಿಲ್ಲ.

ಗಾಂಧಿಕ್ಲಾಸ್:
ಹೊಸಬರಿಗೆ ಇನ್ನೊಂದು. 'ಡಾಲೆಮೈಟ್' ಆದ ಮೇಲೆ 'ದಿ ಹ್ಯೂಮನ್ ಟೊರ್ನೇಡೊ' (1976) ನೋಡಿ. ಷೆರಿಫ್ ಹೆಂಡತಿಯ ಜೊತೆ ಸಿಕ್ಕಿಬಿದ್ದ ನಾಯಕ ಬರಿಮೈಯಲ್ಲಿ ಗುಡ್ಡದ ಅಂಚಿನಿಂದ ಹಾರುತ್ತಾನೆ. ಕೂಡಲೇ ಚಿತ್ರ ನಿಲ್ಲುತ್ತದೆ. ನಾನೇ ಹಾರಿದ್ದು ಅಂತ ನಿಮಗೆ ನಂಬಿಕೆ ಬರಲಿಲ್ಲ ತಾನೇ ಎಂದು ಮೂರ್ ಪ್ರೇಕ್ಷಕರನ್ನು ಕೇಳುತ್ತಾರೆ, ಅದೇ ಹಾರಾಟವನ್ನು ಮತ್ತೆ ತೋರಿಸುತ್ತಾರೆ. ಎರಡನೇ ಸಲ ಮುಖ ನೋಡಿ. ಡ್ಯೂಪ್ ಅಲ್ಲ, ಅವರೇ.

ಲೆಕ್ಕದ ಮೇಷ್ಟ್ರು:
ಮತ್ತೆ ಫಿಲಮೂ ಹೊಸದಾಗಿ ಸುಡಲಿಲ್ಲ. ಒಂದೇ ಟೇಕು, ಎರಡು ಸಲ ಪ್ರಿಂಟ್.